ಜ್ವರದ ರಜೆಯಲ್ಲಿ ಸಿಕ್ಕಿದ ಕುರ್ಚಿ

ಮಣಿಪಾಲದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ರಜೆ ಹಾಕಿದ ದಿನ ನೆಮ್ಮದಿಯಾಗಿದ್ದದ್ದು ಒಮ್ಮೆಯೂ ನೆನಪಿಲ್ಲ. ನನ್ನ ಗ್ರಹಚಾರವೇ ಹಾಗೆ. ಕೆಲಸದ ದಿನ ತೆಪ್ಪಗಿದ್ದು, ರಜೆಯ ದಿನ ಹುಡುಕಿಕೊಂಡು ಬರುತ್ತದೆ. ಮೊನ್ನೆಯದನ್ನೇ ಕೇಳಿ.

ಕೆಮ್ಮು

ಕಾಪುವಿನ ಮನೆಯಲ್ಲಿ ಒಂದು ದಿನ ಮಧ್ಯಾಹ್ನದವರೆಗೆ ಮಲಗಬೇಕು, ಅಷ್ಟೇ ನನ್ನ ಆಸೆ. ಮ್ಯಾನೇಜರಿಗೆ ಫೋನ್ ಮಾಡಿ, "ಸರ್, ಜ್ವರ" ಎಂದು ಎರಡು ಸಲ ಕೆಮ್ಮಿದೆ. ಸುಳ್ಳು ರಜೆ ಹಾಕಿ ಸಿಕ್ಕಿಬಿದ್ದ ಸಹೋದ್ಯೋಗಿಗೆ ಕಳೆದ ತಿಂಗಳಷ್ಟೇ ಅವರು ಮೆಮೊ ಕೊಟ್ಟಿದ್ದರು.

"ಜ್ವರಕ್ಕೆ ಕೆಮ್ಮುವುದು ಎಂತಕ್ಕೆ ಮಾರಾಯ್ರೇ?"

"ಅದು ಒಟ್ಟಿಗೆ ಬಂದದ್ದು ಸರ್."

"ಸರಿ, ಗಂಜಿ ಕುಡಿದು ಮಲಗಿ. ಹೊರಗೆ ಕಾಲಿಡಬೇಡಿ."

ಫೋನ್ ಇಟ್ಟು ತಿರುಗಿದರೆ ಹೆಂಡತಿ ಚೀಲ ಹಿಡಿದು ನಿಂತಿದ್ದಳು. "ಹೇಗೂ ರಜೆ ಉಂಟಲ್ಲ. ಕಾರ್ಕಳದ ಅಕ್ಕನಿಗೆ ಈ ಉಪ್ಪಿನಕಾಯಿ ಕೊಟ್ಟು ಬನ್ನಿ. ಬಿಳಿ ಪಂಚೆ, ಬಿಳಿ ಅಂಗಿ ಹಾಕಿ. ಅಕ್ಕನ ಎದುರು ನನ್ನ ಮರ್ಯಾದೆ ಉಳಿಯಬೇಕು."

ಬಸ್ಸು

ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸು ಮಣಿಪಾಲದ ಮೇಲೆಯೇ ಹೋಗುತ್ತದೆ. ಕಾಪುವಿನಿಂದ ಉಡುಪಿಗೆ ಬಂದು ನಾನು ದಿನಾ ಕಚೇರಿಗೆ ಹಿಡಿಯುವ ಬಸ್ಸೂ ಅದೇ. ನಮ್ಮ ಸ್ಟಾಪ್ ಹತ್ತಿರ ಬಂದಾಗ ಚಪ್ಪಲಿ ಹುಡುಕುವವನಂತೆ ಬಗ್ಗಿ, ಎದುರಿನ ಸೀಟಿನ ಅಡಿಗೆ ತಲೆ ತೂರಿಸಿದೆ. ಕಂಡಕ್ಟರ್ ಸೀಟಿ ಊದಿ ಬಸ್ಸನ್ನೇ ನಿಲ್ಲಿಸಿದ.

"ಸರ್, ನಿದ್ರೆ ಬಂತಾ? ನಿಮ್ಮ ಆಫೀಸು ಬಂತು, ಇಳೀರಿ!"

"ಇವತ್ತು ಇಳಿಯುವುದಿಲ್ಲ" ಎಂದು ಪಿಸುಗುಟ್ಟಿದೆ.

"ಸರ್ ಇವತ್ತು ಇಳಿಯುವುದಿಲ್ಲವಂತೆ, ರೈಟ್!" ಎಂದು ಅವನು ಡ್ರೈವರಿಗೆ ಕೂಗಿದ್ದು ನಮ್ಮ ಕಚೇರಿಯ ಮೂರನೇ ಮಹಡಿಗೂ ಕೇಳಿಸಿರಬೇಕು.

ಕುರ್ಚಿ

ಹಿರಿಯಡ್ಕ ದಾಟಿದ ಮೇಲೆ ಬಸ್ಸು ನಿಂತಿತು. ಪಕ್ಕದ ಒಳರಸ್ತೆಯ ಕಾಂಕ್ರೀಟಿಗೆ ಗುದ್ದಲಿ ಪೂಜೆ. ಬಂದವರ ಕಾರುಗಳೆಲ್ಲ ದಾರಿಗೆ ಅಡ್ಡ. ನೆರಳಿಗೆಂದು ಇಳಿದು ಶಾಮಿಯಾನದ ಅಂಚಿನಲ್ಲಿ ನಿಂತೆ. ಪಂಚಾಯತ್ ಸದಸ್ಯರೊಬ್ಬರು ನನ್ನ ಬಿಳಿ ಪಂಚೆ ನೋಡಿದ್ದೇ ಓಡಿ ಬಂದು ಕೈ ಹಿಡಿದರು.

"ಬನ್ನಿ, ವೇದಿಕೆಯಲ್ಲಿ ಒಂದು ಕುರ್ಚಿ ಖಾಲಿ ಉಂಟು. ಅದು ಫೋಟೋದಲ್ಲಿ ಬಂದರೆ ಆಚೆ ಪಕ್ಷದವರು ವಾಟ್ಸಾಪಿಗೆ ಹಾಕುತ್ತಾರೆ."

"ನಾನು ಈ ಊರಿನವನೇ ಅಲ್ಲ!"

"ಮುಖ್ಯ ಅತಿಥಿಯೂ ಈ ಊರಿನವರಲ್ಲ. ನೀವು ಕೂತುಕೊಳ್ಳಿ ಮಾರಾಯ್ರೇ."

ಪಂಚಾಯತ್ ಅಧ್ಯಕ್ಷರ ಪಕ್ಕದಲ್ಲೇ ಕೂರಿಸಿದರು. ನಮ್ಮ ಕಡೆ ವೇದಿಕೆ ಹತ್ತಿದವರ ಹೆಸರನ್ನೆಲ್ಲ ಮೈಕಿನಲ್ಲಿ ಹೇಳಬೇಕು, ಮರುದಿನ ಪೇಪರಿನಲ್ಲಿ 'ಉಪಸ್ಥಿತರಿದ್ದರು' ಎಂದು ಹಾಕಬೇಕು. ಒಂದು ಹೆಸರು ಬಿಟ್ಟರೂ ವರ್ಷಗಟ್ಟಲೆ ಕೋಪ. ನಿರೂಪಕರು ಚೀಟಿ ಹಿಡಿದು ಬಂದು ನನ್ನ ಹೆಸರು ಕೇಳಿದರು. ಜೀವಮಾನದಲ್ಲಿ ಮೊದಲ ಸಲ ಸಿಕ್ಕಿದ ವೇದಿಕೆ! ಖುಷಿಯಲ್ಲಿ ಜ್ವರವೂ ಮರೆತುಹೋಯಿತು, ಮೆಮೊವೂ ಮರೆತುಹೋಯಿತು. ಹೆಸರು, ಹುದ್ದೆ, ಕಚೇರಿ ಎಲ್ಲ ಹೇಳಿದೆ. ಅವರು ಇನಿಶಿಯಲ್ ಬಿಟ್ಟಿದ್ದರು, ನಾನೇ ಪೆನ್ನು ಕೇಳಿ ಸೇರಿಸಿದೆ.

ಪೇಪರು

ಮರುದಿನ ಮ್ಯಾನೇಜರ್ ಒಳಗೆ ಕರೆದರು. ಮೇಜಿನ ಮೇಲೆ ಪೇಪರು. ಅದರಲ್ಲಿ ಅಧ್ಯಕ್ಷರ ಪಕ್ಕ ಹಲ್ಲು ಬಿಟ್ಟುಕೊಂಡು ಕೂತಿದ್ದೇನೆ, ಕೆಳಗೆ ಇನಿಶಿಯಲ್ ಸಮೇತ ಹೆಸರು.

"ಇದು ನೀವೇ ಅಲ್ವಾ?"

"ತಪ್ಪಾಯ್ತು ಸರ್."

"ತಪ್ಪಾಗದೆ ಮತ್ತೆಂತ? ಅಧ್ಯಕ್ಷರು ನಿಮಗೆ ಇಷ್ಟು ಹತ್ತಿರ ಅಂತ ಒಂದು ಮಾತು ಹೇಳಿದ್ದೀರಾ?" ಎಂದವರು ಎದ್ದು ಹೋಗಿ ಬಾಗಿಲು ಹಾಕಿದರು. ದನಿ ತಗ್ಗಿಸಿದರು. "ಅಲ್ಲೇ ನನ್ನ ಮಾವನ ಮನೆ ಉಂಟು. ಮನೆ ಎದುರಿನ ಮೋರಿ ಕುಸಿದು ಎರಡು ವರ್ಷ ಆಯ್ತು. ಹೆಂಡತಿ ದಿನಾ ನನ್ನನ್ನು ಬೈಯುತ್ತಾಳೆ. ನೀವು ಹೋಗಿ ಅಧ್ಯಕ್ಷರ ಹತ್ತಿರ ಮಾತಾಡಬೇಕು."

"ಸರ್, ನಿಜವಾಗಿ ಅವರ ಪರಿಚಯ ನನಗೆ..."

ಅವರು ಕೇಳಿಸಿಕೊಳ್ಳಲೇ ಇಲ್ಲ. ರಜೆ ಅರ್ಜಿಯ ಹಾಳೆಯನ್ನು ನನ್ನ ಮುಂದೆ ಸರಿಸಿ, ಹಣೆ ಮುಟ್ಟಿ ನೋಡಿ ಹೇಳಿದರು:

"ಮೋರಿ ರಿಪೇರಿ ಆಗುವವರೆಗೆ ನಿಮಗೆ ಜ್ವರ ಇಳಿಯುವುದು ಬೇಡ."