ಮಾವನ ಗಂಟೆಗೆ ನಾಲ್ಕು ತೂತು

"ಗಂಟೆಯ ಪೆಟ್ಟಿಗೆ ಮಾಡೋಕೆ ಹೊರಗಿನವರು ಯಾಕೆ? ನಾನಿಲ್ವಾ?" ಎಂದು ಎದೆಯುಬ್ಬಿಸಿ ಘೋಷಿಸಿದಾಗ ಹೆಂಡತಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಮಾವನವರು ನಲವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಗಂಟಲಿನ ಆಪರೇಷನ್‌ನಲ್ಲಿ ದನಿ ಹೋಯಿತು. ಈಗ ಮಾತೆಲ್ಲ ಸ್ಲೇಟಿನ ಮೇಲೆ. ಮೊನ್ನೆ ಮಂಚದಿಂದ ಬಿದ್ದು, ಕರೆಯಲಾರದೆ, ಒಂದು ತಾಸು ನೆಲದ ಮೇಲೇ ಇದ್ದರು. ನಾವು ಪಕ್ಕದ ಕೋಣೆಯಲ್ಲಿ ಟೀವಿ ನೋಡುತ್ತಿದ್ದೆವು. ಅದಕ್ಕೇ ಈ ಗಂಟೆಯ ಯೋಚನೆ.

ಮಂಚದ ಪಕ್ಕ ತಗಡಿನ ಪೆಟ್ಟಿಗೆ, ಅದರಲ್ಲೊಂದು ಗುಂಡಿ, ಒತ್ತಿದರೆ ಮನೆಯೆಲ್ಲ ಕೇಳುವ ಗಂಟೆ. ಗುಂಡಿ ಕೂರಲು ಇಪ್ಪತ್ತೆರಡು ಮಿಲಿಮೀಟರ್ ತೂತು ಬೇಕು. ಅದಕ್ಕೆಂದೇ ಡ್ರಿಲ್‌ಗೆ ಸ್ಟೆಪ್ ಬಿಟ್ ಎಂಬ ಕೊರೆಯುವ ಮೊನೆ ತಂದೆ. ಬುಗುರಿಯ ಆಕಾರ, ಮೈಯೆಲ್ಲ ಮೆಟ್ಟಿಲು. ಅದು ಒಂದೊಂದು ಮೆಟ್ಟಿಲು ಒಳಗಿಳಿದಂತೆ ತೂತು ದೊಡ್ಡದಾಗುತ್ತದೆ. ಬೇಕಾದ ಮೆಟ್ಟಿಲಿಗೆ ನಿಲ್ಲಿಸಿದರಾಯಿತು.

ನಿಲ್ಲಿಸುವವರು ಯಾರು? ತಗಡು ತೆಳು, ನನ್ನ ಕೈ ಭಾರ. ಬಿಟ್ ಸರ್ರನೆ ಬುಡದ ತನಕ ಇಳಿಯಿತು. ಗುಂಡಿ ಕೂರಿಸಲು ಹೋದರೆ ಟಣ್ಣೆಂದು ಪೆಟ್ಟಿಗೆಯೊಳಗೆ ಬಿತ್ತು.

"ಏನ್ರೀ ಅದು ಸದ್ದು?"

"ಗಾಳಿಯಾಡಲಿ ಅಂತ ಒಂದು ತೂತು ಬಿಟ್ಟೆ ಕಣೆ."

ಪೆಟ್ಟಿಗೆ ತಿರುಗಿಸಿ ಎರಡನೆಯ ಮಗ್ಗುಲು ಕೊರೆದೆ. ಅದೂ ಹೋಯಿತು. ಮೂರನೆಯದನ್ನು ಉಸಿರು ಬಿಗಿಹಿಡಿದು, ಮೆಟ್ಟಿಲು ಎಣಿಸುತ್ತ ಕೊರೆದೆ. ಗಿರಗಿರ ತಿರುಗುವ ಮೆಟ್ಟಿಲನ್ನು ಎಣಿಸಲು ಹೊರಟ ಮಹಾನುಭಾವ ನಾನೊಬ್ಬನೇ ಇರಬೇಕು. ಅದೂ ಹಾಳಾಯಿತು.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ಅಪ್ಪನಿಗೆ ಗಂಟೆ ಮಾಡಿ ಅಂದ್ರೆ ಇಲಿಗೆ ಮನೆ ಕಟ್ಟಿದೀರಲ್ಲ. ನಾಳೆಯಿಂದ ನಾನು ಕೆಲಸಕ್ಕೆ ಹೋಗ್ಬೇಕು ರೀ. ಅವರು ಮತ್ತೆ ಬಿದ್ರೆ?"

ನನಗೆ ನಾಚಿಕೆಯಾಯಿತು.

ಉಳಿದಿದ್ದು ಒಂದೇ ಮಗ್ಗುಲು. ಬಿಗುಮಾನ ಬದಿಗಿಟ್ಟು ಎಲ್ಲವನ್ನೂ ಮಾವನವರ ಮಂಚದ ಬಳಿಗೆ ಒಯ್ದೆ. ಅವರು ಮೂರೂ ತೂತುಗಳಲ್ಲಿ ಬೆರಳಾಡಿಸಿ ನೋಡಿದರು. ಅಂಟುವ ಟೇಪ್ ತರಿಸಿ, ಬಿಟ್‌ನಲ್ಲಿ ಇಪ್ಪತ್ತೆರಡರ ಮುಂದಿನ ಮೆಟ್ಟಿಲಿಗೆ ಒಂದು ಸುತ್ತು ಸುತ್ತಿದರು. ಆಮೇಲೆ ಬರೆದರು: "ಟೇಪ್ ತಗಡಿಗೆ ಮುಟ್ಟೋ ಮೊದಲು ನಿಲ್ಲಿಸಿ. ನಾನು ಇರುವಾಗಲೇ ಕಲಿತುಬಿಡಿ."

ಎರಡು ಸಲ ಓದಿದೆ. ಟೇಪಿನ ಮೇಲೇ ಕಣ್ಣಿಟ್ಟು ಕೊರೆದೆ. ಗುಂಡಿ ಬಿಗಿಯಾಗಿ ಕೂತಿತು.

ಸಂಜೆ ಗಂಟೆ ಬಡಿಯಿತು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಮಾವನವರು ದಿಂಬಿಗೊರಗಿ ಆರಾಮಾಗಿ ಕೂತಿದ್ದರು. ಮಗಳ ಕಡೆಗೆ ಸ್ಲೇಟು ತಿರುಗಿಸಿದರು:

"ಆ ಡ್ರಿಲ್ ಅಳಿಯಂದಿರ ಕೈಗೆ ಸಿಗದ ಹಾಗೆ ಎತ್ತಿಡಮ್ಮ. ಮೊದಲನೇ ತೂತಿನ ಸದ್ದು ಕೇಳಿದಾಗಿನಿಂದ ಇದನ್ನೇ ಹೇಳಬೇಕು ಅಂತಿದ್ದೆ. ಕರೆಯೋಕೆ ಗಂಟೆ ಇರಲಿಲ್ಲ."