ಚಕ್ಕುಲಿ ಡಬ್ಬಿಯಲ್ಲಿ ಕಚೇರಿಯ ತ್ರಾಸ

ನನ್ನಿಂದ ಯಾರಿಗೂ ತ್ರಾಸಾಗಿಲ್ಲ ಎಂಬ ನಂಬಿಕೆಯಲ್ಲಿ ನಾನು ನಲವತ್ತಾರು ವರ್ಷ ಸುಖವಾಗಿ ಬದುಕಿದ್ದೆ. ಆ ಸುಖವನ್ನು ಒಂದು ಚಕ್ಕುಲಿ ಡಬ್ಬಿ ಕಾಲು ತಾಸಿನಲ್ಲಿ ಮುಗಿಸಿಬಿಟ್ಟಿತು!

ಎರಡನೆಯ ಮಹಾ ಲಡಾಯಿಯ ಕಾಲ. ಹಾನಗಲ್ಲಿನ ಒಂದು ಕಚೇರಿಯಲ್ಲಿ ನಾನು ಹಿರಿಯ ಕಾರಕೂನ. ಯಾವ ಕಚೇರಿ ಎಂದು ದಯವಿಟ್ಟು ಕೇಳಬೇಡಿ. ನನ್ನನ್ನು ನೆನೆಸಿಕೊಂಡು ನಗುವವರು ಅಲ್ಲಿ ಇನ್ನೂ ಇದ್ದಾರೆ. ನನ್ನ ಕೈಕೆಳಗೆ ನಾಲ್ವರು ಕಾರಕೂನರು, ಜೊತೆಗೆ ಒಬ್ಬ ಸಿಪಾಯಿ, ಹುಲಗೂರಿನ ಮೌಲಾಸಾಬ. ರೇಶನ್ ಬಂದ ಮೇಲೆ ಕೆಲಸ ಇಮ್ಮಡಿಯಾಗಿತ್ತು. ಯಾವ ಮನೆಯಲ್ಲಿ ಎಷ್ಟು ಬಾಯಿ, ಎಷ್ಟು ಜೋಳ ಎಂದು ಬರೆದು ಬರೆದು ಎಲ್ಲರ ಮುಖ ಜೋತುಬಿದ್ದಿತ್ತು. ಅವರಿಗೆ ಧೈರ್ಯ ಕೊಡಲೆಂದು ನಾನು ಮೇಜಿನಿಂದ ಮೇಜಿಗೆ ಹೋಗಿ, ಬೆನ್ನ ಹಿಂದೆ ನಿಂತು, ಪ್ರೀತಿಯಿಂದ ಒಂದೇ ಮಾತು ಕೇಳುತ್ತಿದ್ದೆ: "ಆತೇನು?"

ಹೊಸದಾಗಿ ಬಂದ ಸಾಹೇಬರು ವಯಸ್ಸಿನಲ್ಲಿ ಸಣ್ಣವರು, ಮನಸ್ಸಿನಿಂದ ಒಳ್ಳೆಯವರು. ಒಂದು ದಿನ ನನ್ನನ್ನು ಕರೆದರು.

"ಬಸಲಿಂಗಪ್ಪನವರ, ನಮ್ಮ ಮಂದಿ ಯಾಕೋ ಸೊರಗ್ಯಾರ. ಏನು ತ್ರಾಸ ಐತಿ ಕೇಳಿ ಶನಿವಾರ ನನಗ ತಿಳಸ್ರಿ. ಶಿಗ್ಗಾವಿಯೊಳಗ ಒಂದು ದೊಡ್ಡ ಜಾಗಾ ಖಾಲಿ ಐತಿ. ಯಾರ ಹೆಸರು ಕಳಿಸಬೇಕು ಅನ್ನೂದನ್ನ ಆವಾಗ ನೋಡೂಣು."

ಶಿಗ್ಗಾವಿಯ ಜಾಗ! ಅದಕ್ಕಾಗಿ ಹನ್ನೊಂದು ವರ್ಷ ಕಾದಿದ್ದೆ. ಆ ಜಾಗದ ಕುರ್ಚಿಗೆ ಎರಡು ಕೈ ಇದ್ದವು. ನನ್ನ ಕುರ್ಚಿಗೆ ಕಾಲೇ ಮೂರು!

ಕೂಡಲೇ ಕಾನೂನು ಮಾಡಿದೆ. ಪ್ರತಿಯೊಬ್ಬರೂ ತಮ್ಮ ತ್ರಾಸನ್ನು ಚೀಟಿಯಲ್ಲಿ ಬರೆಯತಕ್ಕದ್ದು, ಹೆಸರು ಹಾಕತಕ್ಕದ್ದಲ್ಲ, ಚೀಟಿಗಳನ್ನು ಸಾಹೇಬರ ಸಮಕ್ಷಮ, ಎಲ್ಲರೆದುರು, ನಾನೇ ಗಟ್ಟಿಯಾಗಿ ಓದತಕ್ಕದ್ದು. "ಅಂಜಬ್ಯಾಡ್ರಿ, ಮನಸ ಬಿಚ್ಚಿ ಬರೀರಿ!" ಎಂದೆ.

"ಖರೇನ ಬಿಚ್ಚಿ ಬರೀಲೇನ್ರಿ?" ಎಂದು ಗುರುಪಾದಪ್ಪ ಎಂಬ ಮೆತ್ತಗಿನ ಕಾರಕೂನ ಎರಡು ಸಲ ಕೇಳಿದ. ಪಾಪ, ಅಂಜುಬುರುಕ ಎಂದುಕೊಂಡೆ.

ಚೀಟಿ ಹಾಕಲು ಡಬ್ಬಿ ಬೇಕಲ್ಲ? ಮನೆಯ ಚಕ್ಕುಲಿ ಡಬ್ಬಿಯನ್ನು ಹಿಡಿದು, ಮುಚ್ಚಳಕ್ಕೆ ಉಳಿಯಿಂದ ಸೀಳು ಹೊಡೆದು, ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಸಪ್ಪಳ ಕೇಳಿ ನನ್ನ ಹೆಂಡತಿ ಗಂಗವ್ವ ಓಡಿಬಂದಳು.

"ಅಯ್ಯ ಶಿವನ! ನನ್ನ ತವರಮನಿ ಡಬ್ಬಿಗೆ ತೂತು ಹೊಡದ್ರೆಲ್ಲ! ಏನ್ ಬಂದೈತ್ರಿ ನಿಮಗ?"

"ಮಂದಿ ತ್ರಾಸ ಕೇಳೂದೈತಿ. ನಿನಗ ತಿಳಿಯಂಗಿಲ್ಲ ಹೋಗು."

"ಮಂದೀದು ಕೇಳ್ರಿ, ಮನೀದು ಬಿಡ್ರಿ," ಎಂದು ಅವಳು ಒಲೆಯ ಕಡೆ ನಡೆದಳು.

ಕಚೇರಿಯಲ್ಲೇ ಇಟ್ಟರೆ ಯಾರಾದರೂ ಕೈಯಾಡಿಸಿಯಾರು ಎಂದು ದಿನಾ ಸಂಜೆ ಡಬ್ಬಿಯನ್ನು ಮನೆಗೆ ತಂದು ದೇವರ ಜಗಲಿಯ ಮೇಲೆ ಇಡುತ್ತಿದ್ದೆ. ಎಚ್ಚರಿಕೆ ಎಂದರೆ ಹಾಗಿರಬೇಕು!

ಶನಿವಾರ ಒಗೆದ ರುಮಾಲು ಸುತ್ತಿಕೊಂಡು ಹೋದೆ. ಸಾಹೇಬರು ಕುಳಿತರು, ಉಳಿದವರು ಸಾಲಾಗಿ ನಿಂತರು. ಬೀಗ ತೆಗೆದು, ಗಂಟಲು ಸರಿಮಾಡಿಕೊಂಡು ಮೊದಲ ಚೀಟಿ ಓದಿದೆ.

"'ಕೆಲಸ ಭಾಳ ಐತಿ, ಅದನ್ನ ತಡಕೋತೇವಿ. ಹಿರೇ ಕಾರಕೂನ್ರು ಬೆನ್ನ ಹಿಂದ ನಿಂತು ಉಸುರು ಬಿಡ್ತಾರ. ಅದನ್ನ ತಡಿಯಾಕ ಆಗವಲ್ತು.'"

ನನ್ನ ಧ್ವನಿ ಇಳಿಯಿತು. "ಗಟ್ಟಿ ಓದ್ರಿ," ಎಂದರು ಸಾಹೇಬರು. ಕಾನೂನು ನನ್ನದೇ ಆಗಿತ್ತು.

"'ತಾಸಿಗೆ ನಾಕು ಸಲ ಆತೇನು ಅಂತಾರ. ಆಗಿದ್ದು ಸೈತ ಆಗದಂಗ ಆಗತೈತಿ.'"

ಮೂರನೆಯವನಿಗೆ ನಾನು ಕನಸಿನಲ್ಲೂ ಬಂದು "ಆತೇನು?" ಎಂದಿದ್ದೆನಂತೆ. ನಾಲ್ಕನೆಯವನಿಗೆ ಮನೆಯಲ್ಲಿ ಮಗಳ ಲಗ್ನದ ಚಿಂತೆ. ಕಚೇರಿಗೆ ಬಂದಾದರೂ ಮರೆಯೋಣವೆಂದರೆ ನಾನು ಬಿಡುತ್ತಿರಲಿಲ್ಲವಂತೆ. ಐದನೆಯ ಚೀಟಿ ಅಕ್ಷರ ಬಾರದ ಮೌಲಾಸಾಬನದು. ಗುರುಪಾದಪ್ಪನಿಂದ ಬರೆಸಿದ್ದ: "ಎಲ್ಲಾರೂ ಬರದದ್ದು ಖರೆ ಐತಿ." ಕೆಳಗೆ ದಪ್ಪ ಹೆಬ್ಬೆಟ್ಟು!

"ಹೆಸರು ಹಾಕಬ್ಯಾಡ ಅಂದಿದ್ರೆಲ್ಲರಿ, ಅದಕ್ಕ ಹೆಬ್ಬಟ್ಟ ಒತ್ತೀನ್ರಿ," ಎಂದ.

ಆರನೆಯದು ಯಾರದೆಂದು ಹೇಳಬೇಕಾಗಿರಲಿಲ್ಲ. ಅಷ್ಟು ಮುದ್ದಾದ ಅಕ್ಷರ ತಾಲೂಕಿಗೇ ಒಬ್ಬನದು. "ಈ ಕಚೇರಿಯ ಸಮಸ್ತ ಭಾರವೂ ಹಿರಿಯ ಕಾರಕೂನರೊಬ್ಬರ ತಲೆಯ ಮೇಲೆಯೇ ಇದ್ದು, ಉಳಿದವರಿಗೆ ಅದರ ಅರಿವು ಇರುವುದಿಲ್ಲ." ಮೌಲಾಸಾಬ ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಗಲು ಕುಣಿಯುತ್ತಿದ್ದವು.

"ಮಂದಿ ಆರು ಅದೀರಿ. ತಳದಾಗ ಇನ್ನೊಂದು ಚೀಟಿ ಐತೆಲ್ರಿ?" ಎಂದರು ಸಾಹೇಬರು.

ಇತ್ತು. ಎಣ್ಣೆಯ ಜಿಡ್ಡು ಹತ್ತಿದ ಏಳನೆಯ ಚೀಟಿ. ಅಕ್ಷರ ನೋಡಿದೊಡನೆ ಚೀಟಿಯನ್ನು ಮಡಚಲು ಹೋದೆ, ಆದರೆ ಸಾಹೇಬರ ಕಣ್ಣು ಅದರ ಮೇಲೆಯೇ ಇತ್ತು. ಗಂಗವ್ವನ ತವರಿಗೆ ಹೋಗುವ ಪ್ರತಿ ಕಾಗದದಲ್ಲೂ ನಾನು ಕಂಡ ಅಕ್ಷರ ಅದು!

"'ಕಚೇರ್ಯಾಗಿನವರು ಪುಣ್ಯವಂತರು. ಸಂಜಿ ಆದ್ರ ಅವರ ತ್ರಾಸ ಮುಗೀತೈತಿ. ನನಗ ಆವಾಗ ಚಾಲೂ ಆಗತೈತಿ.'"

ಕಚೇರಿಯ ಹಂಚು ಹಾರುವಂತೆ ನಕ್ಕರು. ಸಾಹೇಬರು ಕರವಸ್ತ್ರ ಬಾಯಿಗಿಟ್ಟುಕೊಂಡರು. ನಗು ತಗ್ಗಿದ ಮೇಲೆ ಗುರುಪಾದಪ್ಪ ಕೈಮುಗಿದ.

"ಶಿಗ್ಗಾವಿ ಜಾಗಾಕ್ಕ ಇವರನ್ನ ಕಳಸ್ರಿ ಸಾಹೇಬ್ರ! ನಾವೆಲ್ಲಾರೂ ಸಹಿ ಮಾಡ್ತೇವಿ!"

"ಹೆಬ್ಬಟ್ಟನೂ ಒತ್ತತೇನ್ರಿ!" ಎಂದ ಮೌಲಾಸಾಬ.

ಸಾಹೇಬರು ನನ್ನನ್ನು ಕನಿಕರದಿಂದ ನೋಡಿದರು. "ಅಲ್ರಪಾ, ಶಿಗ್ಗಾವಿ ಮಂದಿ ನಮಗೇನು ಅನ್ಯಾಯ ಮಾಡ್ಯಾರ?"

ಅಲ್ಲಿಗೆ ಹನ್ನೊಂದು ವರ್ಷದ ಆಸೆ ಮುಗಿಯಿತು. ನಿಜ ಹೇಳುತ್ತೇನೆ, ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ನಡೆಯುವಾಗ ಕಣ್ಣು ತುಂಬಿ ಬಂದವು. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಮನೆಗೆ ಬಂದಾಗ ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಡಬ್ಬಿಯನ್ನು ಅವಳ ಮಗ್ಗುಲಲ್ಲಿ ಇಟ್ಟು, ಊಟದ ಗಂಗಾಳದ ಮುಂದೆ ಕುಳಿತೆ. ಹೊಟ್ಟೆ ಚುರುಗುಡುತ್ತಿತ್ತು. ಹಂಚಿನ ಮೇಲೆ ರೊಟ್ಟಿ ನಿಧಾನವಾಗಿ ಉಬ್ಬುತ್ತಿತ್ತು. ಬಹಳ ನಿಧಾನವಾಗಿ. ನಾಲಗೆಯ ತುದಿಗೆ ಬಂದ ಮಾತನ್ನು ನಾನು ಒಂದು ಸಲ ಅಲ್ಲ, ಮೂರು ಸಲ ನುಂಗಿಕೊಂಡೆ.

ಗಂಗವ್ವ ರೊಟ್ಟಿಯನ್ನು ತಿರುವಿ ಹಾಕಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

"ಚೀಟಿ ಓದೂದು ಆತೇನ್ರಿ?"

"ಆತು," ಎಂದೆ.