ಡಿಸ್ಕಪ್ಪ ಉಳಿಸಲು ಹೋದ ದನಿ

ಡಿಸ್ಕಿನಲ್ಲಿ ಸಾಸಿವೆಯಷ್ಟೂ ಜಾಗವಿಲ್ಲವೆಂದು ಮ್ಯಾನೇಜರು ಬೆಳಿಗ್ಗೆಯೇ ಹಾರಾಡಿದರು.

"ಆಫೀಸ್ ಫೋನಿಗೆ ಬಂದ ಹಳೇ ಧ್ವನಿ ಸಂದೇಶ ಎಲ್ಲಾ ಇವತ್ತೇ ಅಳಿಸಿ ಬಿಸಾಕ್ರೀ!"

ಆ ಕೆಲಸ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವನ ಪಾಲಿಗೆ ಬಂತು. ಡಿಸ್ಕಪ್ಪ ಎಂದು ಸಹೋದ್ಯೋಗಿಗಳೇ ಇಟ್ಟ ಹೆಸರು ಅವನದು. ಆ ರಾಶಿಯಲ್ಲಿ ಅವನ ಅಮ್ಮನ ದನಿಯಿತ್ತು. "ಮಗಾ, ಊಟ ಮಾಡಿದ್ಯಾ? ಕೆಲಸ ಮುಗಿದ್ಮೇಲೆ ಒಂದು ಫೋನ್ ಮಾಡು." ಅವತ್ತು ಕೆಲಸ ಮುಗಿಯಲಿಲ್ಲ, ಅವನು ಮಾಡಲೂ ಇಲ್ಲ. ವಾರದೊಳಗೆ ಅಮ್ಮನೇ ಹೋಗಿಬಿಟ್ಟಳು. ಮೊಬೈಲು, ಪೆನ್‌ಡ್ರೈವು ಎಲ್ಲ ಗೇಟಿನಲ್ಲೇ ಒಪ್ಪಿಸಿ ಬರಬೇಕಾದ ಆಫೀಸು. ದನಿಯನ್ನು ಮನೆಗೆ ಒಯ್ಯುವಂತಿರಲಿಲ್ಲ. ದಿನಾ ಮಧ್ಯಾಹ್ನ ಅದನ್ನು ಕೇಳಿ, "ಮಾಡ್ತೀನಮ್ಮ" ಎಂದು ಊಟಕ್ಕೆ ಕೂರುತ್ತಿದ್ದ.

ಅಳಿಸುವುದಕ್ಕೆ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಹಳೆಯ ದೊಡ್ಡ ಸ್ಕ್ರಿಪ್ಟ್ ಒಂದಿತ್ತು. 'ಉಳಿಸು' ಎಂಬ ಖಾನೆಯಲ್ಲಿ, ಅಂದರೆ ವೇರಿಯಬಲ್‌ನಲ್ಲಿ ಹೆಸರಿದ್ದ ಕಡತವನ್ನು ಮಾತ್ರ ಅದು ಮುಟ್ಟುತ್ತಿರಲಿಲ್ಲ. ಅಮ್ಮನ ಕಡತದ ಹೆಸರು ತುಂಬಲು ಡಿಸ್ಕಪ್ಪ ಪುಟ್ಟ ಸ್ಕ್ರಿಪ್ಟ್ ಬರೆದು, ದೊಡ್ಡದರ ಮೊದಲ ಸಾಲಿನಲ್ಲೇ ಅದನ್ನು ಕರೆದು ಓಡಿಸುವಂತೆ ಮಾಡಿದ. ಪುಟ್ಟದು ಆ ಹೆಸರನ್ನು ತೆರೆಯ ಮೇಲೆ ಜಂಬದಿಂದ ತೋರಿಸಿತು. ಮರುಕ್ಷಣವೇ ದೊಡ್ಡದು ಅಮ್ಮನ ದನಿ ಸಮೇತ ಎಲ್ಲವನ್ನೂ ಗುಡಿಸಿಹಾಕಿತು.

ಕರೆಯದೆ ಬಂದ ಪಕ್ಕದ ಮೇಜಿನ ಸಲಹೆ ಸಾಹೇಬ ಇಣುಕಿದ. "ಅಯ್ಯೋ ಪುಣ್ಯಾತ್ಮ! ದೊಡ್ಡದು ತಾಯಿ, ಅದು ಕರೆದ ಪುಟ್ಟದು ಮಗು ಪ್ರೋಸೆಸ್ ಕಣೋ, ಬೇರೇನೇ ಓಡತ್ತೆ. ಅದು ನೆನಪಿಟ್ಕೊಂಡಿದ್ದು ಅದರ ಜೊತೇಲೇ ಹೋಗತ್ತೆ, ತಾಯಿಗೆ ತಿಳಿಯಲ್ಲ. ಕರೆಯೋವಾಗ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟಿದ್ರೆ ಸಾಕಿತ್ತು, ತಾಯಿಯೊಳಗೇ ಓಡ್ತಿತ್ತು."

ಡಿಸ್ಕಪ್ಪನ ಕಣ್ಣು ತುಂಬಿತು. ನಕಲುಪ್ರತಿ ಕಾಯುವ ಬ್ಯಾಕಪ್ ಅಕ್ಕ ಓಡಿಬಂದಳು. "ಅಳಬೇಡ ತಮ್ಮಾ, ನಿನ್ನೆ ನಕಲು ನನ್ನ ಹತ್ರ ಇದೆ" ಎಂದು ಎಲ್ಲವನ್ನೂ ವಾಪಸ್ ತುಂಬಿದಳು. ಅಮ್ಮನೂ ಬಂದಳು, ಡಿಸ್ಕೂ ಮತ್ತೆ ತುಂಬಿತು, ಮ್ಯಾನೇಜರೂ ಮತ್ತೆ ಕೂಗಿದರು.

"ಮಗುವಿನ ಸಹವಾಸವೇ ಬೇಡ" ಎಂದ ಸಾಹೇಬ. "ಆ ಸಾಲು ಕಿತ್ತಾಕು. ಹೆಸರನ್ನ ನೀನೇ ಈ ಕಿಟಕೀಲಿ ಟೈಪ್ ಮಾಡಿ, ಆಮೇಲೆ ದೊಡ್ಡದನ್ನ ಓಡಿಸು."

ಡಿಸ್ಕಪ್ಪ ಹೆಸರು ಟೈಪ್ ಮಾಡಿ ಓಡಿಸಿದ. "ಮುಗೀತು!" ಎಂದು ಸಾಹೇಬ ಇಡೀ ಆಫೀಸಿಗೆ ಕೇಳುವಂತೆ ಕೂಗಿದ. ಆಮೇಲೆ ತೆರೆ ನೋಡಿದರೆ ಬಟಾಬಯಲು, ಅಮ್ಮನ ಕಡತವೂ ಇಲ್ಲ.

"ಓಹೋ, ಈಗ ನೀನು ಟೈಪ್ ಮಾಡಿದ ಕಿಟಕಿ, ಅಂದ್ರೆ ಶೆಲ್ಲೇ ತಾಯಿ, ದೊಡ್ಡದೇ ಮಗು" ಎಂದು ಸಾಹೇಬ ತಲೆ ಕೆರೆದುಕೊಂಡ. "ಎಕ್ಸ್‌ಪೋರ್ಟ್ ಅಂತ ಹೇಳಿ ದಾಟಿಸದೆ ಇದ್ರೆ ತಾಯಿ ಮಾತೂ ಮಗುಗೆ ತಲುಪಲ್ಲ. ಮರ್ತೇಬಿಟ್ಟೆ ನೋಡು."

ಡಿಸ್ಕಪ್ಪ ಅಕ್ಕನ ಬಳಿ ಓಡಿದ. "ಅಕ್ಕಾ, ಇನ್ನೊಂದ್ಸಲ ಆ ನಕಲು..."

ಅಕ್ಕ ನಕ್ಕಳು. "ಹೆದರಬೇಡ್ವೋ. ಸಾಹೇಬ್ರು ಮುಗೀತು ಅಂದ ತಕ್ಷಣ, ಅಮ್ಮನ ದನಿ ಜೋಪಾನವಾಗಿರ್ಲಿ ಅಂತ ಹಳೇ ನಕಲಿನ ಮೇಲೇ ಹೊಸದು ತಗೊಂಡ್ಬಿಟ್ಟೆ."

ಡಿಸ್ಕಪ್ಪ ಆ ನಕಲು ತೆರೆದ. ಹಳೆಯದು ಹೋಗಿ, ಹೊಸದೂ ಬಟಾಬಯಲಾಗಿತ್ತು. ಅವನಿಗೆ ಸಿಟ್ಟೂ ಬರಲಿಲ್ಲ.

"ಭೇಷ್!" ಎಂದರು ಮ್ಯಾನೇಜರು. "ಕೆಲಸ ಮುಗೀತಲ್ಲ, ಬೇಗ ಮನೆಗೆ ಹೋಗ್ರೀ."

ಗೇಟಿನಲ್ಲಿ ಕಾವಲುಗಾರ ಮೊಬೈಲು ಕೊಟ್ಟ. ಕೆಲಸ ಇಷ್ಟು ಬೇಗ ಎಂದೂ ಮುಗಿದಿರಲಿಲ್ಲ. ಡಿಸ್ಕಪ್ಪ ಅಮ್ಮನ ನಂಬರು ಒತ್ತಿ ಕಿವಿಗಿಟ್ಟುಕೊಂಡ.

"ಯಾರೂ ಎತ್ತಲ್ವಾ ಸಾರ್? ಊಟಕ್ಕೆ ಕೂತಿರ್ತಾರೆ ಬಿಡಿ, ಆಮೇಲೆ ಮಾಡಿ" ಎಂದ ಕಾವಲುಗಾರ.

"ಹೂಂ, ಆಮೇಲೆ ಮಾಡ್ತೀನಿ" ಎಂದ ಡಿಸ್ಕಪ್ಪ.